‘ಕಟ್ಟಕಡೆಯ ಕೊಡ’ ಆಟದ ಬಗ್ಗೆ ಅಭಿಪ್ರಾಯ ಬರೆಯುವವರ ಗಮನಕ್ಕೆ

ಹೆಸರು ಮಂಜೂರಾತಿ ಬಾಕಿಯಿರುವ ಇಲಾಖೆ
(ಆಟಗಾರರ ಅಭಿಪ್ರಾಯ ಶಾಖೆ)
ಚಾಮರಾಜಪೇಟೆ, ಬೆಂಗಳೂರು

ಸಂಖ್ಯೆ: ಆಅಶಾ/ಪ್ರಳಯ/೨೫೦/೨೦೨೫
ದಿನಾಂಕ: ೨೮-೧೧-೨೦೨೫

ಸುತ್ತೋಲೆ

ವಿಷಯ: ಲೋಕ ಮುಗಿದ ಮೇಲೆ ಬದುಕುಳಿಯುವ ಕಂಪ್ಯೂಟರ್ ಆಟವೊಂದರ ಮೇಲೆ ಸಾರ್ವಜನಿಕರು ಬರೆಯುತ್ತಿರುವ ಅಭಿಪ್ರಾಯಗಳನ್ನು ಒಂದು ಹದಕ್ಕೆ ತರುವ ಕುರಿತು.

ಉಲ್ಲೇಖ:
೧. ಆಟದ ತಯಾರಕಿ ಮೈತ್ರೇಯಿ ಅವರ ಪತ್ರ (ಅರ್ಧ ಪುಟ).
೨. ಹನುಮಂತನಗರದ ಗಂಗಾಧರಯ್ಯ ಅವರ ದೂರು (ಹದಿನಾಲ್ಕು ಪುಟ, ಮನೆಯ ಫೋಟೋಗಳ ಸಹಿತ).
೩. ಅದೇ ಗಂಗಾಧರಯ್ಯ ಅವರ ಜ್ಞಾಪನಾ ದೂರು (ಗೇಟಿನ ಫೋಟೋ ಸಹಿತ).
೪. ಯಾರೂ ಕೇಳದಿದ್ದರೂ ಸ್ವೀಕೃತವಾದ ಇನ್ನೂರ ಐವತ್ತು ಅಭಿಪ್ರಾಯಗಳು.

ಪ್ರಸ್ತಾವನೆ:

ಬಸವನಗುಡಿ ನಿವಾಸಿ, ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವ ಮೈತ್ರೇಯಿ ಎಂಬುವರು ನಾಲ್ಕು ವರ್ಷ ಒಬ್ಬರೇ ಕೂತು ‘ಕಟ್ಟಕಡೆಯ ಕೊಡ’ ಎಂಬ ಆಟವನ್ನು ತಯಾರಿಸಿರುತ್ತಾರೆ. ಸದರಿ ಆಟದಲ್ಲಿ ಲೋಕ ಮುಗಿದುಹೋಗಿರುತ್ತದೆ. ಆಟಗಾರನು ಒಬ್ಬ ಅಜ್ಜಿಯನ್ನು ಕರೆದುಕೊಂಡು, ಒಂದು ಕೊಡ ನೀರನ್ನು ಹೊತ್ತುಕೊಂಡು, ಹಾಳುಬಿದ್ದ ಮಲ್ಲೇಶ್ವರದಿಂದ ಹೊರಟು, ಜೀವ ಉಳಿಸಿಕೊಂಡು ಗವಿಪುರ ಸೇರತಕ್ಕದ್ದು. ದಾರಿಯಲ್ಲಿ ಬಾಯಾರಿಕೆ, ಬೀದಿನಾಯಿ ಮತ್ತು ಕುಸಿದ ಮೇಲ್ಸೇತುವೆಗಳು ಇರುತ್ತವೆ. ಸತ್ತರೆ ಮಲ್ಲೇಶ್ವರದಿಂದ ಮತ್ತೆ ಶುರು.

ಆಟವನ್ನು ಇಟ್ಟಿರುವ ಇಂಟರ್‌ನೆಟ್ ಅಂಗಡಿಯ ನಿಯಮದ ಪ್ರಕಾರ ಮೊದಲ ಇನ್ನೂರ ಐವತ್ತು ಅಭಿಪ್ರಾಯಗಳಲ್ಲಿ ನೂರಾದರೂ ‘ಶಿಫಾರಸು ಮಾಡುತ್ತೇನೆ’ ಎಂದಿರಬೇಕು. ಇಲ್ಲವಾದರೆ ಇದೇ ಮೂವತ್ತರಂದು ಆಟವು ಯಾರೂ ತಿರುಗಿ ನೋಡದ ಹಿಂದಿನ ಕಪಾಟಿಗೆ ಹೋಗುತ್ತದೆ. ಬರೆದವರು ಅಲ್ಲಿಯವರೆಗೆ ಮನಸ್ಸು ಬದಲಾಯಿಸಬಹುದು. ಹಿಂದಿನ ಕಪಾಟಿಗೆ ಹೋದಲ್ಲಿ, ತಮ್ಮ ಮನೆಯಲ್ಲಿ ಹಗಲೂ ರಾತ್ರಿ ಓಡುತ್ತಿರುವ, ಎಲ್ಲರ ಆಟವನ್ನೂ ಹೊತ್ತಿರುವ ಯಂತ್ರವನ್ನು ನಿಲ್ಲಿಸುವುದಾಗಿ ಮೈತ್ರೇಯಿ ಅವರು ಉಲ್ಲೇಖ (೧)ರಲ್ಲಿ ತಿಳಿಸಿದ್ದಾರೆ. ಅವರ ಮಾತಿನಲ್ಲೇ: "ನಾಲ್ಕು ವರ್ಷ ಮಾಡಿದ್ದಕ್ಕೆ ಬೇಜಾರಿಲ್ಲ. ನಾಲ್ಕು ತಿಂಗಳು ಇದನ್ನೆಲ್ಲ ಓದಿದ್ದಕ್ಕೆ ಸಾಕಾಗಿದೆ."

ಇಲಾಖೆಯೂ ಓದಿತು. ಇಲಾಖೆಗೂ ಸಾಕಾಗಿದೆ. ಆದಕಾರಣ ಈ ಕೆಳಕಂಡಂತೆ ನಿರ್ದೇಶಿಸಲಾಗಿದೆ.

೧. ಕನಿಷ್ಠ ಅವಧಿ. ಮಲ್ಲೇಶ್ವರದ ವೇಣುಗೋಪಾಲ್ ಎಂಬುವರು ಒಟ್ಟು ಹನ್ನೊಂದು ನಿಮಿಷ ಆಡಿ, ಅದರಲ್ಲಿ ಏಳು ನಿಮಿಷವನ್ನು ತಮ್ಮ ಪಾತ್ರಕ್ಕೆ ಮೀಸೆ ಆರಿಸುವುದರಲ್ಲಿ ವಿನಿಯೋಗಿಸಿ, "ಏನ್ ಗುರು ಇದು, ಕಥೇನೇ ಇಲ್ಲ" ಎಂದು ಬರೆದಿರುವುದು ಕಂಡುಬಂದಿದೆ. ಇನ್ನು ಮುಂದೆ ಮೀಸೆಯ ಬಗ್ಗೆ ಮಾತ್ರ ತಿಳಿದಿರುವವರು ಮೀಸೆಯ ಬಗ್ಗೆ ಮಾತ್ರ ಅಭಿಪ್ರಾಯ ನೀಡತಕ್ಕದ್ದು.

೨. ಗರಿಷ್ಠ ಅವಧಿ. ಶಶಿಕುಮಾರ್ ಎಂಬುವರು ನಾನೂರ ಹನ್ನೆರಡು ಗಂಟೆ ಆಡಿದ ತರುವಾಯ "ಬೋರು ಮಗಾ, ಯಾರೂ ತಗೋಬೇಡಿ" ಎಂದಿದ್ದಾರೆ. ನಾನೂರ ಹನ್ನೆರಡು ಗಂಟೆ ಎಂದರೆ ಹದಿನೇಳು ಹಗಲು, ಹದಿನೇಳು ರಾತ್ರಿ. ಮೂರು ಸಲ ಬಡಿಸಿಕೊಂಡು, ತಟ್ಟೆಯನ್ನು ಬೆರಳಲ್ಲಿ ಒರೆಸಿ, ಕೈ ತೊಳೆದು ಬಂದು "ಸಾರಿಗೆ ಉಪ್ಪು ಕಮ್ಮಿ ಇತ್ತು" ಎನ್ನುವ ಪದ್ಧತಿ ಮನೆಗಳಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದೆ. ಅಡಿಗೆ ಮಾಡಿದವರು ಮರುದಿನ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಬೇಕಾಗಿರುವುದರಿಂದ ಸುಮ್ಮನಿರುತ್ತಾರೆ. ಇಲಾಖೆ ಸುಮ್ಮನಿರುವುದಿಲ್ಲ. ನೂರು ಗಂಟೆ ಮೀರಿ ಆಡಿದವರು ಬೋರಾಯಿತೆಂದು ಬರೆಯುವಾಗ, ಯಾವ ಗಂಟೆಯಿಂದ ಬೋರಾಯಿತು ಮತ್ತು ಆ ಗಂಟೆಯ ನಂತರವೂ ಎದ್ದು ಹೋಗದಂತೆ ತಮ್ಮನ್ನು ಯಾರು ಕಟ್ಟಿಹಾಕಿದ್ದರು ಎಂಬುದನ್ನು ದೃಢೀಕರಿಸತಕ್ಕದ್ದು.

೩. ಪ್ರಳಯಕಾಲದ ಸೌಕರ್ಯಗಳು. ಈ ವರ್ಗದಲ್ಲಿ ನಲವತ್ತೆರಡು ಅಭಿಪ್ರಾಯಗಳಿವೆ. ಮಾದರಿಗಾಗಿ: "ಪ್ರಳಯ ಆಗಿದೆ ಸರಿ ಮಚ್ಚಾ, ಟ್ಯಾಂಕರ್‌ನೋರಿಗೆ ಒಂದ್ ಫೋನ್ ಮಾಡಕ್ಕಾಗಲ್ವಾ?" ಮತ್ತೊಬ್ಬರು: "ಅಜ್ಜಿ ತುಂಬಾ ಸ್ಲೋ. ಅಜ್ಜಿ ಬಿಟ್ಟು ಹೋಗೋ ಆಪ್ಷನ್ ಕೊಡಿ." ಇನ್ನೊಬ್ಬರು ದಾರಿಯಲ್ಲಿ ಒಂದೇ ಒಂದು ಕಡೆಯಾದರೂ ಬೈ-ಟು ಕಾಫಿ ಸಿಗಬೇಕಿತ್ತೆಂದೂ, ಇದು ಬೆಂಗಳೂರಿಗೆ ಮಾಡಿದ ಅವಮಾನವೆಂದೂ ಬರೆದಿದ್ದಾರೆ.

ಲೋಕ ಮುಗಿದ ಮೇಲೆ ಲೋಕದಲ್ಲಿ ಸಿಗುತ್ತಿದ್ದುದು ಸಿಗುವುದಿಲ್ಲ ಎಂದು ಇಲಾಖೆಯು ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ ಸ್ಪಷ್ಟಪಡಿಸುತ್ತದೆ. ಅಜ್ಜಿಯನ್ನು ಬಿಟ್ಟು ಹೋಗಲು ಇಚ್ಛಿಸುವವರು ಮೊದಲು ತಮ್ಮ ಸ್ವಂತ ಅಜ್ಜಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ಲಗತ್ತಿಸತಕ್ಕದ್ದು.

೪. ದಾರಿ ಮತ್ತು ವಾಹನದಟ್ಟಣೆ. ಇನ್ನೂರ ಐವತ್ತರಲ್ಲಿ ಅರವತ್ತಮೂರು ಅಭಿಪ್ರಾಯಗಳು ಆಟದ ಬಗ್ಗೆಯೇ ಇಲ್ಲ. ಮಲ್ಲೇಶ್ವರದಿಂದ ಗವಿಪುರಕ್ಕೆ ಹೇಗೆ ಹೋಗಬೇಕೆಂಬ ಬಗ್ಗೆ ಇವೆ. "ಯಾವನಾದ್ರೂ ಗಾಂಧಿನಗರದ ಮೇಲೆ ಹೋಗ್ತಾನೇನ್ರೀ? ಆ ಹೊತ್ನಲ್ಲಿ ಫುಲ್ ಜಾಮ್ ಇರತ್ತೆ" ಎಂದು ಒಬ್ಬರು ಕೇಳಿದ್ದು, ಅವರಿಗೆ ಉತ್ತರವಾಗಿ ಮತ್ತೊಬ್ಬರು "ಬೆಳಿಗ್ಗೆ ಏಳಕ್ಕೆ ಮುಂಚೆ ಬಿಟ್ರೆ ಏನಿಲ್ಲ, ನಾನು ದಿನಾ ಹೋಗ್ತೀನಿ" ಎಂದಿದ್ದು, ಮೂರನೆಯವರು ಬಂದು ಇಬ್ಬರಿಗೂ ದಾರಿ ಗೊತ್ತಿಲ್ಲವೆಂದು ಸಾಧಿಸಿದ್ದು, ಚರ್ಚೆ ಒಂಬತ್ತು ದಿನ ನಡೆದಿದೆ. ಮೂವರೂ ಆಟವನ್ನು ಶಿಫಾರಸು ಮಾಡಿಲ್ಲ.

ಜನವೇ ಇಲ್ಲದ ಲೋಕದಲ್ಲಿ ಜಾಮ್ ಇರುವುದಿಲ್ಲ. ಒನ್‌ವೇ ಸಹ ಇರುವುದಿಲ್ಲ. ಇದನ್ನೂ ಸುತ್ತೋಲೆಯಲ್ಲಿ ಬರೆಯಬೇಕಾಗಿ ಬಂದಿರುವುದಕ್ಕೆ ಇಲಾಖೆ ವಿಷಾದಿಸುತ್ತದೆ.

೫. ಸ್ವಂತ ಮನೆ ಬಿದ್ದಿರುವ ಬಗ್ಗೆ. ಆಟದಲ್ಲಿ ಹನುಮಂತನಗರದ ಒಂದು ರಸ್ತೆ ಕುಸಿದಂತೆ ತೋರಿಸಲಾಗಿದೆ. ಅಲ್ಲಿನ ನಿವಾಸಿ ಗಂಗಾಧರಯ್ಯ ಅವರ ದೂರಿನ ಸಾರಾಂಶ: "ನಮ್ಮನೆ ಬಿದ್ದೋಗಿದೆ, ಪಕ್ಕದ ಮಹಾನಂದ ಅವರ ಮನೆ ಗಟ್ಟಿಯಾಗಿ ನಿಂತಿದೆ. ಇದು ಹ್ಯಾಗೆ ಸಾಧ್ಯ? ನಾವು ಪಿಲ್ಲರ್ ಎಬ್ಬಿಸಿ ಕಟ್ಟಿಸಿದೋರು. ಅವರದ್ದು ಮಣ್ಣಿನ ಗೋಡೆ, ಇಡೀ ರಸ್ತೆಗೇ ಗೊತ್ತು." ಮೈತ್ರೇಯಿ ಅವರು ಎರಡು ಭಾನುವಾರ ಕೂತು, ಪ್ರಳಯದ ನಂತರವೂ ಗಂಗಾಧರಯ್ಯ ಅವರ ಮನೆ ನಿಲ್ಲುವಂತೆ ತಿದ್ದಿಕೊಟ್ಟರು. ಮೂರನೇ ದಿನ ಮಹಾನಂದ ಅವರ ಅಭಿಪ್ರಾಯ ಬಂತು: "ಆ ಮನೆ ಎಬ್ಬಿಸಿದ್ದರಿಂದ ನಮ್ಮ ತುಳಸಿಕಟ್ಟೆಗೆ ಬಿಸಿಲು ಬೀಳ್ತಿಲ್ಲ. ನಿಜದಲ್ಲಂತೂ ಬೀಳಲ್ಲ, ಆಟದಲ್ಲಾದ್ರೂ ಬೀಳ್ತಿತ್ತು." ಗಂಗಾಧರಯ್ಯ ಅವರು ತಮ್ಮ ಅಭಿಪ್ರಾಯವನ್ನೇನಾದರೂ ಬದಲಾಯಿಸಿದರೇ ಎಂದು ಪರಿಶೀಲಿಸಲಾಗಿ, ಇಲ್ಲ, ಗೇಟು ನೀಲಿ ಇದೆ, ತಮ್ಮದು ಹಸಿರು ಎಂದು ಜ್ಞಾಪನಾ ದೂರು ಸಲ್ಲಿಸಿದ್ದಾರೆ.

ಇನ್ನು ಮುಂದೆ, ಪ್ರಳಯದಿಂದ ತಮ್ಮ ಮನೆಗೆ ವಿನಾಯಿತಿ ಬಯಸುವವರು ಅಕ್ಕಪಕ್ಕದ ನಾಲ್ಕೂ ಮನೆಯವರ ಒಪ್ಪಿಗೆಯೊಂದಿಗೆ ಪ್ರಳಯಕ್ಕೆ ಮೂವತ್ತು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಗೇಟಿನ ಬಣ್ಣದ ಅರ್ಜಿಗಳನ್ನು ಪ್ರಳಯಾನಂತರ ಪರಿಗಣಿಸಲಾಗುವುದು.

೬. ಆಶೀರ್ವಾದ ರೂಪದ ಅಭಿಪ್ರಾಯಗಳು. ಮೈತ್ರೇಯಿ ಅವರ ಸೋದರತ್ತೆ ತುಳಸಮ್ಮನವರು, ತಮ್ಮ ಹುಡುಗಿಗೆ ಜನ ಹೀಗೆಲ್ಲ ಅನ್ನುತ್ತಿದ್ದಾರೆಂದು ಕೇಳಿ ತಡೆಯಲಾರದೆ, ತಮ್ಮನ್ನೂ ಸೇರಿಸಿ ಭಜನಾ ಮಂಡಳಿಯ ನಲವತ್ತೊಂದು ಸದಸ್ಯೆಯರನ್ನು ಒಂದು ಶುಕ್ರವಾರ ಒಂದೇ ಟ್ಯಾಬ್ಲೆಟ್ ಮುಂದೆ ಸಾಲಾಗಿ ನಿಲ್ಲಿಸಿ ಅಭಿಪ್ರಾಯ ಬರೆಸಿರುತ್ತಾರೆ. ಅರಿಶಿನ ಕುಂಕುಮಕ್ಕೆ ನಿಂತ ಹಾಗೆಯೇ ಸಾಲು ಸಾಗಿದೆ. ನಲವತ್ತೊಂದೂ ಒಂದೇ ಒಕ್ಕಣೆ: "ನಮ್ಮ ಮಗು ಮಾಡಿರೋದು, ತುಂಬಾ ಚೆನ್ನಾಗಿದೆ. ದೇವ್ರು ಒಳ್ಳೇದು ಮಾಡ್ಲಿ." ಆಡಿದ ಅವಧಿ: ಸೊನ್ನೆ ನಿಮಿಷ. ತುಳಸಮ್ಮನವರು ಮಾತ್ರ ಕೊನೆಗೆ "ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಸೇರಿಸಿದ್ದಾರೆ.

ಅಂಗಡಿಯವರ ಯಂತ್ರವು ಇದನ್ನು ಮೋಸವೆಂದು ಭಾವಿಸಿ ನಲವತ್ತೊಂದನ್ನೂ ಅಳಿಸಿತು. ಜತೆಗೆ, ನಿಜವಾಗಿ ಆಡಿ ಮೆಚ್ಚಿದ್ದ ಮೂವರನ್ನೂ ಭಜನಾ ಮಂಡಳಿಯವರೆಂದು ತಿಳಿದು ಅಳಿಸಿತು. ತೆರವಾದ ನಲವತ್ನಾಲ್ಕು ಸ್ಥಾನಗಳನ್ನು ಎರಡೇ ದಿನದಲ್ಲಿ ಸತ್ಯನಿಷ್ಠರು ಭರ್ತಿ ಮಾಡಿದರು. ಅವರ ಪೈಕಿ ಒಬ್ಬರು: "ಸುಳ್ಳು ರಿವ್ಯೂ ಹಾಕಿಸ್ತಾರೆ ಅಂತ ಗೊತ್ತಾಯ್ತು. ಅದಕ್ಕೇ ಆಡ್ದೇನೇ ಕೆಟ್ಟದಾಗಿದೆ ಅಂತ ಹಾಕ್ತಿದೀನಿ." ಆಡದೆ ಹೊಗಳುವುದು ಮೋಸ, ಆಡದೆ ತೆಗಳುವುದು ಪ್ರಾಮಾಣಿಕತೆ ಎಂಬ ಈ ನೂತನ ನೀತಿಯನ್ನು ಇಲಾಖೆ ದಾಖಲಿಸಿಕೊಂಡಿದೆ. ತುಳಸಮ್ಮನವರ ವಿರುದ್ಧ ಯಾವುದೇ ಕ್ರಮ ಇರುವುದಿಲ್ಲ. ಅವರಿಗೆ ಆದದ್ದನ್ನು ಯಾರೂ ಹೇಳಕೂಡದು.

೭. ಭಾಷಾಭಿಮಾನ. "ಕನ್ನಡದಲ್ಲಿ ಇಂಥ ಆಟ ಬರ್ಬೇಕು ಗುರು, ಸಪೋರ್ಟ್ ಮಾಡ್ಬೇಕು" ಎಂದು ಬರೆದು ಶಿಫಾರಸು ಮಾಡದವರ ಸಂಖ್ಯೆ ಹದಿನಾರು. ಷರಾ ಅನಗತ್ಯ.

೮. ಸದ್ಯದ ಲೆಕ್ಕ. ಶಿಫಾರಸು ಮಾಡಿದವರು ತೊಂಬತ್ತೊಂಬತ್ತು. ಬೇಕಾದದ್ದು ನೂರು. ಒಂದು ಕಡಿಮೆ.

ಉಳಿದ ನೂರ ಐವತ್ತೊಂದು ಮಂದಿಗೂ ಪುನರ್‌ಪರಿಶೀಲಿಸುವಂತೆ ತಿಳುವಳಿಕೆ ಪತ್ರ ಕಳುಹಿಸಲಾಯಿತು. "ಯಾವ ಆಟ?" ಎಂದು ಕೇಳಿದವರು ಎಪ್ಪತ್ತು ಜನ. ಉತ್ತರಿಸದವರು ಉಳಿದವರು. ಈ ನಡುವೆ, ಅದೇ ನೂರ ಐವತ್ತೊಂದರ ಕಂತೆಯಲ್ಲಿ ಗವಿಪುರದ ಶಿವಲಿಂಗಯ್ಯ ಎಂಬುವರ ಈ ಅಭಿಪ್ರಾಯ ಸಿಕ್ಕಿತು. ಆಡಿದ ಅವಧಿ ಇನ್ನೂರ ಹನ್ನೆರಡು ಗಂಟೆ.

"ಆಟ ಬಹಳ ಚೆನ್ನಾಗಿದೆ. ಅಜ್ಜಿ ನಿಧಾನ ಅಂತ ಕೆಲವರು ಬರೆದಿದ್ದಾರೆ. ಅಜ್ಜಿಯರು ನಿಧಾನವೇ. ನೀರು ಎರಡೇ ಲೋಟ ಇದ್ದಾಗ ಯಾರಿಗೆ ಮೊದಲು ಅಂತ ಯೋಚನೆ ಮಾಡಿದ್ದು ನನಗೆ ಇದೇ ಮೊದಲು. ಹದಿನೇಳು ಸಲ ಸತ್ತಿದ್ದೇನೆ. ಹದಿನೇಳೂ ಸಲ ತಪ್ಪು ನನ್ನದೇ."

ಇದರ ಕೆಳಗೆ, ‘ಇತರರಿಗೆ ಶಿಫಾರಸು ಮಾಡುವಿರಾ?’ ಎಂಬ ಪ್ರಶ್ನೆಗೆ: ಇಲ್ಲ.

೯. ಸ್ಥಳ ಪರಿಶೀಲನೆ. ಕೈತಪ್ಪಿ ಒತ್ತಿರಬಹುದೆಂದು ಭಾವಿಸಿ ಶಾಖೆಯ ಸಿಬ್ಬಂದಿಯೊಬ್ಬರನ್ನು ಗವಿಪುರಕ್ಕೆ ಕಳುಹಿಸಲಾಯಿತು. ಶಿವಲಿಂಗಯ್ಯನವರು ನೋಂದಣಿ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಿಬ್ಬಂದಿಯ ವರದಿಯಲ್ಲಿರುವಂತೆ ಅವರ ಹೇಳಿಕೆ: "ಕೈ ತಪ್ಪಿಲ್ಲ ಕಣ್ರೀ, ನೋಡ್ಕೊಂಡೇ ಒತ್ತಿದೀನಿ. ಇಡೀ ಸರ್ವೀಸಲ್ಲಿ ನಾನು ಯಾರ ಪರವಾಗೂ ಒಂದ್ ಮಾತು ಹಾಕ್ದೋನಲ್ಲ. ಸ್ವಂತ ತಮ್ಮನಿಗೇ ಶಿಫಾರಸು ಮಾಡ್ಲಿಲ್ಲ, ಅವನು ಇವತ್ತಿಗೂ ನನ್ನ ಮಾತಾಡ್ಸಲ್ಲ. ಈಗ ಹೋಗಿ ಒಂದು ಆಟಕ್ಕೆ ಮಾಡ್ಲಾ? ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಆಡೋರು ಆಡ್ಕೊಳ್ಳಿ."

ಅವರೊಬ್ಬರು ಮನಸ್ಸು ಮಾಡದಿದ್ದರೆ ಯಂತ್ರ ನಿಲ್ಲುತ್ತದೆಂದು ಸಿಬ್ಬಂದಿ ವಿವರಿಸಿದಾಗ, ಶಿವಲಿಂಗಯ್ಯನವರು ಕನ್ನಡಕ ಒರೆಸಿಕೊಂಡು, ಒಂದೇ ಪ್ರಶ್ನೆ ಕೇಳಿದರು: "ನಿಲ್ಸೋ ಅಧಿಕಾರ ಯಾರದ್ದು? ಅಂಗಡಿಯೋರದ್ದಾ, ಆ ಹುಡುಗೀದಾ?" ಮೈತ್ರೇಯಿ ಅವರದ್ದು ಎಂದು ತಿಳಿಸಲಾಯಿತು. "ಹಾಗಿದ್ಮೇಲೆ ಅಂಗಡಿ ಹತ್ರ ಯಾಕ್ರೀ ಅಲೀತೀರ? ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗ್ಬೇಕು" ಎಂದು ಒಳಗಿನಿಂದ ಬಿಳಿ ಹಾಳೆ ತಂದು, ಎಡಕ್ಕೆ ಅಂಚು ಮಡಿಸಿ, ನಿಂತಲ್ಲೇ ಬರೆದುಕೊಟ್ಟರು. ಅವರು ಅರ್ಜಿದಾರರಾಗಿ ಬರೆದ ಮೊದಲ ಅರ್ಜಿ ಇದೆಂದು ತಿಳಿದುಬಂದಿದೆ. ಯಥಾಪ್ರತಿ:

"ಮಾನ್ಯರೇ, ಅಜ್ಜಿಯವರು ಸದ್ಯ ಚಾಮರಾಜಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗೆ ಕೂತಿರುತ್ತಾರೆ. ಕೊಡದಲ್ಲಿ ಮೂರು ಲೋಟ ನೀರಿದೆ. ನಾಯಿಗಳು ಇನ್ನೂ ನಮ್ಮನ್ನು ಕಂಡಿಲ್ಲ. ಇಷ್ಟು ದೂರ ಕರೆತಂದು ಅವರನ್ನು ಅಲ್ಲೇ ಬಿಟ್ಟು ಯಂತ್ರ ನಿಲ್ಲಿಸಬಾರದಾಗಿ ಪ್ರಾರ್ಥನೆ."

೧೦. ಸದರಿ ಅರ್ಜಿಯನ್ನು ಮೈತ್ರೇಯಿ ಅವರಿಗೆ ಮುದ್ದಾಂ ತಲುಪಿಸಲಾಗಿದೆ. ಶಿವಲಿಂಗಯ್ಯನವರ ಉತ್ತರವನ್ನು ‘ಹೌದು’ ಎಂದು ತಿದ್ದಲು ಇಲಾಖೆಗೆ ಅಧಿಕಾರವಿಲ್ಲ. ಇದ್ದಿದ್ದರೂ ಅವರ ಎದುರಿಗೆ ಧೈರ್ಯವಿಲ್ಲ.

ಸೇರ್ಪಡೆ (ದಿನಾಂಕ ೧-೧೨-೨೦೨೫)

ಈ ಸುತ್ತೋಲೆ ಬೆರಳಚ್ಚಿನಲ್ಲೇ ಉಳಿದದ್ದರಿಂದ, ಮುಂದಿನ ಸಂಗತಿಗಳನ್ನೂ ಸೇರಿಸಲಾಗಿದೆ. ಮೂವತ್ತರ ಸಂಜೆ ಲೆಕ್ಕ ತೊಂಬತ್ತೊಂಬತ್ತರಲ್ಲೇ ನಿಂತು, ಆಟವು ಹಿಂದಿನ ಕಪಾಟಿಗೆ ಹೋಗಿದೆ. ಈ ವಿಷಯ ತಿಳಿದು ಇಪ್ಪತ್ತೆಂಟು ಮಂದಿ, ತಮ್ಮ ಬಾಲ್ಯದ ಅಮೂಲ್ಯ ಭಾಗವೊಂದು ಕಳೆದುಹೋಯಿತೆಂದು ಬರೆದಿದ್ದಾರೆ. ಆಟಕ್ಕೆ ನಾಲ್ಕು ತಿಂಗಳು ವಯಸ್ಸು.

ಅರ್ಜಿಯ ಎಡ ಅಂಚಿನಲ್ಲಿ ಮೈತ್ರೇಯಿ ಅವರ ಷರಾ: "ನೋಡಿದೆ. ಅಜ್ಜಿ ಗವಿಪುರ ಮುಟ್ಟೋವರೆಗೆ ನಿಲ್ಲಿಸಲ್ಲ."

ಇಂದು ಬೆಳಿಗ್ಗೆ ಆರು ನಲವತ್ತಕ್ಕೆ ಶಿವಲಿಂಗಯ್ಯನವರು ಚಾಮರಾಜಪೇಟೆಯಲ್ಲಿ ನಾಯಿಗಳ ಬಾಯಿಗೆ ಸಿಕ್ಕಿ ಹದಿನೆಂಟನೇ ಸಲ ಸತ್ತು, ಆರು ನಲವತ್ತೊಂದಕ್ಕೆ ಅಜ್ಜಿಯೊಂದಿಗೆ ಮಲ್ಲೇಶ್ವರದಿಂದ ಮತ್ತೆ ಹೊರಟಿರುತ್ತಾರೆ.

(ಸಹಿ ಇದೆ, ಓದಲು ಬರುವುದಿಲ್ಲ)
ಶಾಖಾಧಿಕಾರಿ (ಪ್ರಭಾರ)
ಆಟಗಾರರ ಅಭಿಪ್ರಾಯ ಶಾಖೆ

ಪ್ರತಿಗಳು:
೧. ವೇಣುಗೋಪಾಲ್ ಅವರಿಗೆ, ಓದಲು ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಬೇಕಾಗಬಹುದೆಂಬ ಎಚ್ಚರಿಕೆಯೊಂದಿಗೆ.
೨. ಶಶಿಕುಮಾರ್ ಅವರಿಗೆ. ಮುದ್ದಾಂ ತಲುಪಿಸಲು ಹೋದಾಗ ಅವರು ಆಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬರಲಾಗಿದೆ.
೩. ಗಂಗಾಧರಯ್ಯ ಅವರಿಗೆ, ಹಸಿರು ಶಾಯಿಯಲ್ಲಿ.
೪. ಮಹಾನಂದ ಅವರಿಗೆ, ಬಿಸಿಲು ಬಂದಾಗ ಓದಿಕೊಳ್ಳಲು.
೫. ತುಳಸಮ್ಮನವರಿಗೆ, ಆರನೇ ಕಂಡಿಕೆ ಕತ್ತರಿಸಿದ ಪ್ರತಿ.
೬. ಮೈತ್ರೇಯಿ ಅವರಿಗೆ, ಮಾಹಿತಿಗಾಗಿ. ಉತ್ತರ ಬರೆಯಬೇಕಾಗಿಲ್ಲ.
೭. ಶಿವಲಿಂಗಯ್ಯನವರಿಗೆ ಕಳುಹಿಸಿಲ್ಲ. ಸದ್ಯ ಗಾಂಧಿನಗರ ದಾಟುತ್ತಿದ್ದಾರೆ, ತೊಂದರೆ ಕೊಡಕೂಡದು.