ಶಾಂತಕ್ಕನ ಕೊಲೆಗಳೂ ನನ್ನ ಓದುಗರೂ

ಕಾದಂಬರಿ ಬರೆಯುವವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಪುಸ್ತಕ ಅಚ್ಚಾದರೆ ಸಾಕು, ಅದೇ ಮನೆ ಕೇಳಿಕೊಂಡು ಬರುತ್ತದೆ. ಒಮ್ಮೆ ಬಂದದ್ದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ರಾಣೇಬೆನ್ನೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅದು ಹೊಟ್ಟೆಪಾಡು. ಗಿರಾಕಿ ಇಲ್ಲದಾಗ ಪತ್ತೇದಾರಿ ಕಾದಂಬರಿ ಬರೆಯುತ್ತೇನೆ, ಅದು ಚಟ. ನನ್ನ ಕಾದಂಬರಿಗಳಲ್ಲಿ ಪತ್ತೆ ಹಚ್ಚುವವಳು ಶಾಂತಕ್ಕ. ಸಣ್ಣ ಊರಿನಲ್ಲಿ ಖಾನಾವಳಿ ನಡೆಸುವ ವಿಧವೆ. ಉಣ್ಣಲು ಬಂದವರ ಮಾತು ಕೇಳುತ್ತ, ರೊಟ್ಟಿ ಬಡಿಯುತ್ತ, ಕೊಲೆಗಾರ ಯಾರು ಅಂತ ಕಂಡುಹಿಡಿಯುತ್ತಾಳೆ. ರಕ್ತ ಕಡಿಮೆ, ಬಂದೂಕು ಇಲ್ಲವೇ ಇಲ್ಲ, ಊಟ ಜಾಸ್ತಿ. ಮನೆಮಂದಿಯೆಲ್ಲ ಕೂತು ಓದಬಹುದಾದ ಕೊಲೆಗಳು.

ವರ್ಷಕ್ಕೊಂದರಂತೆ ಬರೆಯುತ್ತ ಬಂದು ಈಗ ಹನ್ನೊಂದನೆಯದು ಬಂದಿದೆ. ಹೆಸರು 'ಕೋಲ್ಡ್ ಸ್ಟೋರೇಜಿನಲ್ಲಿ ಶಾಂತಕ್ಕ'. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳ ಅಡಿಯಲ್ಲಿ ಒಂದು ಹೆಣ ಸಿಗುತ್ತದೆ, ಅಲ್ಲಿಂದ ಕತೆ ಶುರು. ಇದಕ್ಕೆ ನಾನು ಪಟ್ಟ ಕಷ್ಟ ಹಿಂದಿನ ಯಾವುದಕ್ಕೂ ಪಟ್ಟಿರಲಿಲ್ಲ. ಕೊಲೆಗಾರನನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆನೆಂದರೆ, ಕರಡು ತಿದ್ದುವಾಗ ನನಗೇ ಅವನ ಮೇಲೆ ಸಂಶಯ ಬರುತ್ತಿರಲಿಲ್ಲ. ಇದನ್ನಾದರೂ ಓದಿ ಒಬ್ಬರು, ಒಬ್ಬರೇ ಒಬ್ಬರು, ಕೊಲೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ ಮುಂದೆ ಬರೆಯುವುದು, ಇಲ್ಲದಿದ್ದರೆ ಶಾಂತಕ್ಕನ ಒಲೆ ಆರಿಸಿಬಿಡುವುದು ಅಂತ ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ.

ಮೊದಲ ಓದುಗಳು

ಮೊದಲ ಪ್ರತಿ ಹೆಂಡತಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಕೊಟ್ಟು ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಪುಸ್ತಕ ಫ್ರಿಜ್ಜಿನ ಮೇಲಿತ್ತು, ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಓದಿ ಆಯಿತು ಅಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅವಳು ಓದಿದ್ದು ಕೊನೆಯ ಪುಟ ಮಾತ್ರ. ಹನ್ನೊಂದು ಕಾದಂಬರಿಗಳನ್ನೂ ಅವಳು ಓದಿದ್ದು ಹೀಗೆಯೇ ಅಂತಲೂ ಆಗಲೇ ತಿಳಿಯಿತು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಂಜೆ ಅಂಗಡಿಗೆ ಬಂದ ಪಕ್ಕದ ಮನೆಯವರು ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದ ಇಟ್ಟುಕೊಂಡೇ, ಕೊಲೆ ಮಾಡಿದ್ದು ತೂಕದ ಗುಮಾಸ್ತನಂತೆ, ಹೌದಾ ಅಂದರು. ಅವರ ಹಿಂದೆ ಸರದಿಯಲ್ಲಿ ಕೂತಿದ್ದವರೂ ಹೌದಂತೆ ಹೌದಂತೆ ಅಂದರು. ನಮ್ಮ ಓಣಿಯಲ್ಲಿ ಪುಸ್ತಕ ಒಂದೂ ಮಾರಾಟವಾಗಿರಲಿಲ್ಲ, ಕೊಲೆಗಾರ ಮಾತ್ರ ಮನೆಮನೆಗೆ ತಲುಪಿದ್ದ.

ಮನೆಗೆ ಬಂದು ಕೇಳಿದೆ. ಹೋಗಲಿ, ನೀನು ಓದಲಿಲ್ಲ; ಓದುವವರಿಗೆ ಹೆಸರು ಯಾಕೆ ಹೇಳಿದೆ ಅಂದೆ. ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದಳು.

"ಹೇಳಲಿಲ್ಲಂದ್ರ, ಪಾಪ, ಅವರು ಪೂರಾ ಓದಬೇಕಾಗತಿತ್ತಲ್ರಿ."

ಎಣಗಾಯಿ

ಊರಿನಲ್ಲಿ ಹೆಣ್ಣುಮಕ್ಕಳ ಓದಿನ ಬಳಗವೊಂದಿದೆ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಈ ಸಲ ನನ್ನದನ್ನು ಆರಿಸಿದ್ದರು, ನನ್ನನ್ನೂ ಕರೆದಿದ್ದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಒಬ್ಬೊಬ್ಬರ ಕೈಯಲ್ಲೂ ಪುಸ್ತಕ, ಪುಸ್ತಕದಲ್ಲಿ ಅಲ್ಲಲ್ಲಿ ಗುರುತಿಗೆ ಇಟ್ಟ ಕಾಗದದ ಚೂರು. ನೋಡಿ ಕಣ್ಣು ತುಂಬಿ ಬಂತು.

ಮೊದಲನೆಯವರು ಐದನೆಯ ಅಧ್ಯಾಯ ತೆಗೆಯಲು ಹೇಳಿದರು. ಎಲ್ಲರೂ ತೆಗೆದರು. ಐದನೆಯ ಅಧ್ಯಾಯದಲ್ಲಿ ನಾನು ಒಂದು ಮುಖ್ಯ ಸುಳಿವು ಅಡಗಿಸಿಟ್ಟಿದ್ದೆ: ಗುಮಾಸ್ತ ಬಲಗೈ ಮುಚ್ಚಿಕೊಂಡು ಎಡಗೈಯಲ್ಲಿ ನೀರು ಕುಡಿಯುತ್ತಾನೆ. ಸಿಕ್ಕಿಬಿದ್ದೆ, ಇವರು ಜಾಣೆಯರು ಅಂತ ಖುಷಿಪಟ್ಟೆ. ಆದರೆ ಅದೇ ಅಧ್ಯಾಯದಲ್ಲಿ ಶಾಂತಕ್ಕ ಎಣಗಾಯಿಯನ್ನೂ ಮಾಡುತ್ತಾಳೆ. ಅದಕ್ಕೆ ಗುರೆಳ್ಳಿನ ಪುಡಿ ಹಾಕುವುದನ್ನು ನಾನು ಬರೆದಿರಲಿಲ್ಲ. ಚರ್ಚೆ ಅದರ ಮೇಲೆ. ಬದನೆಕಾಯಿ ಸೀಳುವುದು ನಾಲ್ಕೋ ಎಂಟೋ, ಶೇಂಗಾ ಹುರಿದು ಹಾಕಬೇಕೋ ಹಸಿಯೋ, ಬೆಲ್ಲ ಯಾವಾಗ, ಹೀಗೆ ಚಹಾ ಬರುವವರೆಗೆ ನಡೆಯಿತು. ಇಬ್ಬರಿಗೆ ಜಗಳವೇ ಹತ್ತಿತು. ನಾನು ನಡುವೆ ಬಾಯಿ ಹಾಕಿ, ಆ ಗುಮಾಸ್ತ ನೀರು ಕುಡಿದದ್ದು ಯಾರಾದರೂ ಗಮನಿಸಿದಿರಾ ಅಂದೆ. ಖಾರ ಜಾಸ್ತಿ ಆಗಿರಬೇಕು ಅಂದರು.

ಕೊನೆಗೆ ಮನೆಯ ಯಜಮಾನಿ, ವಯಸ್ಸಾದವರು, ಎಲ್ಲರ ಪರವಾಗಿ ತೀರ್ಪು ಹೇಳಿದರು.

"ಹಂಗ ಎಣಗಾಯಿ ಮಾಡಿದ್ರ ಉಂಡವ ತಾನ ಸಾಯತಾನ್ರಿ ತಮ್ಮಾ. ಮತ್ತ ಕೊಲೆಗಾರ ಯಾಕ ಬೇಕಿತ್ತು?"

ಮೋಟೆಬೆನ್ನೂರಿನವರೆಗೆ

ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಚೀಲದಿಂದ ಪುಸ್ತಕ ತೆಗೆದರು. ನನ್ನದೇ. ಜೀವಮಾನದಲ್ಲಿ ಅಪರಿಚಿತರು ನನ್ನ ಪುಸ್ತಕ ಓದುವುದನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಪರಿಚಯ ಹೇಳಿಕೊಳ್ಳಬೇಕು ಅನ್ನಿಸಿತು. ಬೇಡ, ಮುಖದ ಮೇಲೆ ಏನು ಬರುತ್ತದೆ ನೋಡೋಣ ಅಂತ ಸುಮ್ಮನಾದೆ.

ಅವರು ಒಂದು ಪುಟ ಓದಿದರು. ಕಿಟಕಿ ನೋಡಿದರು. ಅದೇ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ ಪುಸ್ತಕವನ್ನು ಬೀಸಣಿಗೆಯ ಹಾಗೆ ಆಡಿಸುತ್ತ ಗಾಳಿ ಹಾಕಿಕೊಂಡರು. ಹೆಣ ಸಿಗುವ ಪುಟ ಹತ್ತಿರದಲ್ಲೇ ಇತ್ತು, ಇನ್ನೊಂದೆರಡು ಹಾಳೆ ತಿರುವಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಅವರ ಕೈ ಹಿಡಿದು ತಿರುವಿಸುತ್ತಿದ್ದೆ. ಅವರಿಗೆ ನಿದ್ದೆ ಹತ್ತಿತು.

ಮೋಟೆಬೆನ್ನೂರು ಬಂದಾಗ ಕಂಡಕ್ಟರ್ ಕೂಗಿದ, ಅವರು ಗಡಬಡಿಸಿ ಎದ್ದು ಇಳಿದರು. ಪುಸ್ತಕ ಸೀಟಿನ ಮೇಲೇ ಉಳಿಯಿತು. ನಾನು ಅದನ್ನೆತ್ತಿಕೊಂಡು, ಬಸ್ಸು ನಿಲ್ಲಿಸಲು ಹೇಳಿ, ಇಳಿದು, ಅವರ ಹಿಂದೆ ಓಡಿದೆ. ಏದುಸಿರು ಬಿಡುತ್ತ, ಅಕ್ಕಾರ, ಪುಸ್ತಕ ಮರತ್ರಿ ಅಂದೆ.

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು.

"ಮರತಿಲ್ರಿ," ಅಂದರು. "ಬಿಟ್ಟೇನಿ."

ಅಷ್ಟರಲ್ಲಿ ಬಸ್ಸು ನನ್ನನ್ನೂ ಬಿಟ್ಟು ಹೋಗಿತ್ತು.

ಬ್ಯಾಡಗಿಯ ಕರೆ

ಒಂದು ದಿನ ಬ್ಯಾಡಗಿಯಿಂದ ಫೋನು. ದೊಡ್ಡ ಮೆಣಸಿನಕಾಯಿ ವ್ಯಾಪಾರಿ, ಸ್ವಂತ ಕೋಲ್ಡ್ ಸ್ಟೋರೇಜು ಇರುವವರು. ನಿಮ್ಮ ಪುಸ್ತಕ ಓದಿದೆ, ಒಂದು ಮಾತು ಇದೆ, ಬಂದು ಹೋಗಿ ಅಂದರು. ದನಿ ಬಿಗಿಯಾಗಿತ್ತು. ಕತೆಯಲ್ಲಿ ಬರುವ ಕೋಲ್ಡ್ ಸ್ಟೋರೇಜಿನ ಮಾಲೀಕ ಪೂರಾ ಕಲ್ಪನೆ, ಆದರೆ ಕಲ್ಪನೆಯಲ್ಲೂ ಅವನಿಗೆ ಹೊಟ್ಟೆ ಇತ್ತು, ಬಂಗಾರದ ಉಂಗುರ ಇತ್ತು, ಮಾತಿಗೊಮ್ಮೆ ಕೆಮ್ಮುತ್ತಿದ್ದ. ವಕೀಲನಾಗಿರುವ ಗೆಳೆಯನನ್ನು ಕೇಳಿದೆ. ಹೋಗು, ಆದರೆ ಏನಕ್ಕೂ ಸಹಿ ಹಾಕಬೇಡ ಅಂದ.

ಹೋದೆ. ವ್ಯಾಪಾರಿಗೆ ಹೊಟ್ಟೆ ಇತ್ತು. ಉಂಗುರವೂ ಇತ್ತು. ಗಾದಿಯ ಮೇಲೆ ಕೂರಿಸಿದರು. ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿಯ ಘಾಟಿಗೆ ನಾನು ಸೀನುತ್ತಿದ್ದೆ, ಅವರು ಕೆಮ್ಮಿದರು. ನಾನು ಬಾಗಿಲು ಎಷ್ಟು ದೂರ ಇದೆ ಅಂತ ನೋಡಿಕೊಂಡೆ. ಚಹಾ ತರಿಸಿದರು. ಪುಸ್ತಕ ತೆಗೆದು ಹೆಣ ಸಿಗುವ ಪುಟವನ್ನೇ ಬಿಚ್ಚಿ ನನ್ನ ಮುಂದಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟರು.

ನಾನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ. ಇದು ಯಾರನ್ನೂ ಉದ್ದೇಶಿಸಿ ಬರೆದದ್ದಲ್ಲ, ಬ್ಯಾಡಗಿಯಲ್ಲಿ ಹೆಣ ಗಿಣ ಏನೂ ಇಲ್ಲ, ಮುಂದಿನ ಮುದ್ರಣದಲ್ಲಿ ಬೇಕಾದರೆ ಹೆಣವನ್ನೇ ತೆಗೆದುಬಿಡುತ್ತೇನೆ ಅಂದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಹೆಣ ಇರಲಿ ಬಿಡ್ರಿ, ಅದರದೇನು. ಆದ್ರ ಹೆಣದ ಮ್ಯಾಲಿದ್ದ ಚೀಲದಾಗ ಆಂಧ್ರದ ಮಾಲು ಇತ್ತು ಅಂತ ಬರದೀರಿ. ನಾಳೆ ನಾಕು ಮಂದಿ ಓದಿದ್ರ ನಮ್ಮ ಮರ್ಯಾದಿ ಏನಾಗಬೇಕು?"

ಶಾಂತಕ್ಕನ ಗಂಡ

ಇಷ್ಟಾದರೂ ನನಗೆ ಒಂದು ಆಸೆ ಉಳಿದಿತ್ತು. ಕದರಮಂಡಲಗಿಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ, ನನ್ನ ಕಾದಂಬರಿಗಳನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಅಕ್ಷರ ಬಿಡದೆ ಓದುವವರು ಅಂತ ಕೇಳಿದ್ದೆ. ಅವರೇ ಕನ್ನಡಕದ ನಂಬರು ಬದಲಿಸಲು ಅಂಗಡಿಗೆ ಬಂದರು. ಹನ್ನೊಂದನ್ನೂ ಓದೇನ್ರಿ ಅಂದರು. ನಾನು ಅವರಿಗೆ ಕುರ್ಚಿ ಹಾಕಿ, ಕೈಮುಗಿದು ನಿಂತೆ. ಹಿಂದಿನದೆಲ್ಲ ನೆನಪಿನಲ್ಲಿದೆಯಾ ಅಂದೆ. ಅದೇ ತೊಂದರೆ ಅಂದರು.

ಶಾಂತಕ್ಕನಿಗೆ ಮೊದಲ ಕಾದಂಬರಿಯಲ್ಲೂ ಐವತ್ತೆಂಟು, ಈಗಲೂ ಐವತ್ತೆಂಟು. ಇರಲಿ, ನನಗೂ ಹಂಗ ಇರಬೇಕಂತ ಆಸೆ ಐತಿ ಅಂದರು. ಅವಳ ಖಾನಾವಳಿಯ ಬಾಗಿಲು ಒಮ್ಮೆ ಪೂರ್ವಕ್ಕೆ, ಒಮ್ಮೆ ಉತ್ತರಕ್ಕೆ, ಅದನ್ನೂ ಕ್ಷಮಿಸಿದರು. ಅಷ್ಟು ಸಣ್ಣ ಊರಿನಲ್ಲಿ ವರ್ಷಕ್ಕೊಂದು ಕೊಲೆಯಾದರೂ ಆ ಖಾನಾವಳಿಗೆ ಜನ ಇನ್ನೂ ಉಣ್ಣಲು ಬರುತ್ತಾರಲ್ಲ, ಅದು ಅವರಿಗೆ ಸೋಜಿಗ. ನಾನು ಒಂದೊಂದಕ್ಕೂ ತಲೆ ತಗ್ಗಿಸುತ್ತ ಹೋದೆ. ಕೊಲೆಯ ಹೆಣಿಗೆ ಹೇಗಿತ್ತು ಹೇಳಿ ಟೀಚರ್ ಅಂತ ಕೊನೆಗೆ ಬಾಯಿ ಬಿಟ್ಟೇ ಕೇಳಿದೆ. ಅವರು ಹೊಸ ಗಾಜು ಹಾಕಿದ ಕನ್ನಡಕ ಏರಿಸಿ, ಹಳೆಯ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಅಕಿ ಗಂಡ ಮೂರನೇ ಪುಸ್ತಕದಾಗ ಹಾವು ಕಡದು ಸತ್ತಿದ್ದ. ಏಳನೇದ್ರಾಗ ಹಾರ್ಟ್ ಅಟ್ಯಾಕ್ ಆಗಿ ಸತ್ತಾನ. ಮಂದಿ ಕೊಲೆ ಎಲ್ಲಾ ಪತ್ತೆ ಹಚ್ಚೂ ಆ ಹೆಣ್ಮಗಳು, ತನ್ನ ಗಂಡ ಎರಡು ಸಲ ಯಾಕ ಸತ್ತ ಅಂತ ಒಮ್ಮೆಯೂ ವಿಚಾರ ಮಾಡಲಿಲ್ಲೇನು?"

ಶೋಕ

ಆ ಸಂಜೆಯೇ ಅಂಗಡಿಯ ಬಾಗಿಲು ಹಾಕಿ ಕೂತು ನಿರ್ಧಾರ ಮಾಡಿದೆ. ಸಾಕು. ಹೆಂಡತಿಗೂ ಹೇಳಲಿಲ್ಲ. ಮೊಬೈಲು ತೆಗೆದು, ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಸ್ಟೇಟಸ್ ಹಾಕಿದೆ: 'ಶಾಂತಕ್ಕ ಇನ್ನಿಲ್ಲ. ಇಷ್ಟು ವರ್ಷ ಅವಳನ್ನು ಪ್ರೀತಿಸಿದ ಎಲ್ಲರಿಗೂ ಶರಣು.' ಯಾರಾದರೂ ಯಾಕೆ ನಿಲ್ಲಿಸುತ್ತೀರಿ ಅಂತ ಕೇಳಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳಲಿಲ್ಲ. ದುಃಖದಿಂದ ಮೊಬೈಲು ಆಫ್ ಮಾಡಿ, ಮನೆಗೆ ಹೋಗಿ ಮಲಗಿದೆ.

ಬೆಳಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಎದುರು ಮನೆಯವರು ಹಾಕಿಸಿದ್ದರು. ಓಣಿಯ ಗಂಡಸರು ಬಿಳಿ ಅಂಗಿಯಲ್ಲಿ ಕೂತಿದ್ದರು. ನಾನು ಹೊರಗೆ ಬಂದದ್ದೇ ಎಲ್ಲರೂ ಎದ್ದು ನಿಂತರು. ಎದುರು ಮನೆಯವರು ನನ್ನ ಹೆಗಲು ಹಿಡಿದು, ಅಕ್ಕ ಅಂದ್ರ ತಾಯಿ ಇದ್ದಂಗ, ಧೈರ್ಯ ತಗೋರಿ ಅಂದರು. ನನಗೆ ಅಕ್ಕ ಇಲ್ಲ, ಇರುವವನು ಒಬ್ಬ ತಮ್ಮ. ಅದನ್ನು ಹೇಳಲು ಬಾಯಿ ತೆರೆದೆ, ಅವರು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ದುಃಖಕ್ಕೆ ಮಾತೇ ಬರವಲ್ದು ನೋಡ್ರಿ ಅಂತ ಅವರು ಉಳಿದವರಿಗೆ ಹೇಳಿದರು.

ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಅಂತ ಯಾರೋ ಕೇಳಿದರು. ಮಣ್ಣು ಇಲ್ಲ, ಹೆಣವೇ ಇಲ್ಲ ಅಂದೆ. ಹಿರಿಯರೊಬ್ಬರು ಕೈಮುಗಿದು, ದೇಹದಾನ ಮಾಡೀರೇನು, ದೊಡ್ಡ ಮನಸು ಅಂದರು. ಮಾತು ಕುರ್ಚಿಯಿಂದ ಕುರ್ಚಿಗೆ ಹೋಯಿತು, ಎಲ್ಲರ ಕಣ್ಣಲ್ಲೂ ನನ್ನ ಬಗ್ಗೆ ಗೌರವ ಕಂಡಿತು. ಇಷ್ಟು ವರ್ಷದ ಬರವಣಿಗೆಯಲ್ಲಿ ಅಂಥ ಗೌರವ ನಾನು ಕಂಡಿರಲಿಲ್ಲ.

ಮಾಲೆ ತಂದವರು ಫೋಟೋ ಕೇಳಿದರು. ಫೋಟೋ ಎಲ್ಲಿಂದ ತರುವುದು ಅಂತ ನಾನು ತಡವರಿಸುತ್ತಿರುವಾಗ, ಒಬ್ಬರು ಒಳಗೆ ಹೋಗಿ ಕಪಾಟಿನಿಂದ ಹನ್ನೊಂದನೆಯ ಕಾದಂಬರಿ ತಂದರು. ಮುಖಪುಟದಲ್ಲಿ ಖಾನಾವಳಿ ಬೋರ್ಡಿನ ಕೆಳಗೆ ಸೆರಗು ಹೊದ್ದು ಬ್ಯಾಟರಿ ಹಿಡಿದ ಹೆಣ್ಣುಮಗಳ ಚಿತ್ರ, ಕೆಳಗೆ ಶಾಂತಕ್ಕ ಅಂತ ದಪ್ಪ ಅಕ್ಷರ. ತಮ್ಮ ಅಂದ್ರ ಹಿಂಗಿರಬೇಕು, ಅಕ್ಕನ ಮ್ಯಾಲೆ ಪುಸ್ತಕಾನ ಬರದಾನ ಅಂದರು. ಕುರ್ಚಿಯ ಮೇಲೆ ನಿಲ್ಲಿಸಿ ಮಾಲೆ ಹಾಕಿ ಊದಿನಕಡ್ಡಿ ಹಚ್ಚಿದರು. ಮೂಲೆಯಲ್ಲಿದ್ದ ಒಬ್ಬರು ಶಲ್ಯದಿಂದ ಕಣ್ಣೊರೆಸಿಕೊಂಡು, ಹಾವೇರಿಯಲ್ಲಿ ಆ ತಾಯಿಯ ಖಾನಾವಳಿಯಲ್ಲಿ ಒಮ್ಮೆ ಉಂಡಿದ್ದೆ, ನೀಡುವ ಕೈ ಅಂದರೆ ಆ ಕೈ, ರೊಕ್ಕ ಕೊಡಹೋದರೆ ಬೈದು ಕಳಿಸಿದ್ದಳು ಅಂದರು.

ಇನ್ನು ತಡೆಯಲಾಗಲಿಲ್ಲ. ಒಳಗೆ ಹೋದೆ. ಹೆಂಡತಿ ದೊಡ್ಡ ಪಾತ್ರೆಯಲ್ಲಿ ಚಹಾ ಕಾಸುತ್ತಿದ್ದಳು; ಹೆಣ್ಣುಮಕ್ಕಳು ಹಿತ್ತಿಲ ಬಾಗಿಲಿನಿಂದ ಬಂದು ಮೊದಲೇ ಅವಳನ್ನು ಸಮಾಧಾನ ಮಾಡಿ ಹೋಗಿದ್ದರಂತೆ. ನಾನು ಅವಳ ಕೈಹಿಡಿದು, ದಮ್ಮಯ್ಯ, ಹೊರಗೆ ಹೋಗಿ ನೀನಾದರೂ ಖರೇ ಹೇಳು, ಸತ್ತವಳು ಹುಟ್ಟಿಯೇ ಇಲ್ಲ ಅಂತ ಹೇಳು ಅಂದೆ. ಅವಳು ಕಿಟಕಿಯಿಂದ ಅಂಗಳ ನೋಡಿದಳು. ಕುರ್ಚಿ ಸಾಲದೆ ಜನ ಗೋಡೆಗೆ ಆತು ನಿಂತಿದ್ದರು, ಮುಂದಿನ ಸಾಲಿನವರು ಮಾಲೆ ಹಾಕಿದ ಪುಸ್ತಕವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಸುಮ್ಮ ಹೋಗಿ ಕುಂದ್ರಿ," ಅಂದಳು ಮೆಲ್ಲಗೆ. "ನಿಮ್ಮ ಪುಸ್ತಕಕ್ಕ ಇಷ್ಟು ಮಂದಿ ಯಾವಾಗ ಬಂದಿದ್ರು?"

ನಾನು ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಹೊರಗೆ ಹೋಗಿ ಕೂತೆ.