ಅರವತ್ತರಿಂದ ಹತ್ತಕ್ಕೆ

ಹೆಂಡತಿ ಮಾಡಿದ ಮೂರಂತಸ್ತಿನ ಕೇಕು ಹೋದ ವಾರ ಹೋಟೆಲಿಗೆ ಎರಡೂವರೆ ಅಂತಸ್ತಾಗಿ ತಲುಪಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಬ್ರೇಕು ಮುಟ್ಟಿದರೆ ಸಾಕು, ಕಾರು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಹೋಟೆಲಿನ ಬಾಗಿಲಲ್ಲಿ ಹಿಂದಿನ ಸೀಟು ನೋಡಿದರೆ, ಮೇಲಿನ ಅಂತಸ್ತು ಕೆಳಗಿನದರ ಹೆಗಲಿಗೆ ಒರಗಿ ಕೂತಿತ್ತು.

“ಇವತ್ತು ಸಂಜೆ ಐದಕ್ಕೆ ಐದಂತಸ್ತಿನದು ತಲುಪಿಸ್ಬೇಕು,” ಎಂದಳು ಹೆಂಡತಿ, ಕೈಯಲ್ಲಿದ್ದ ಕೆನೆಯ ಚಮಚವನ್ನು ಗಂಡನ ಮೂಗಿನ ಮುಂದೆ ಆಡಿಸುತ್ತ. “ಇದೂ ಕೆಟ್ರೆ ಆ ಹೋಟೆಲಿನವರು ಇನ್ನು ನನ್ನ ಮುಖ ನೋಡಲ್ಲ. ಮೂರು ವರ್ಷ ಕಷ್ಟಪಟ್ಟು ಕಟ್ಟಿದ ಕೆಲಸ ರೀ ಇದು. ಮೊದಲು ಆ ಬ್ರೇಕ್ ಸರಿ ಮಾಡಿಸಿ.”

ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬರೆದದ್ದನ್ನು ಬರೆದ ಹಾಗೇ ಪಾಲಿಸುವ ಆಸಾಮಿ. ಔಷಧಿ ಶೀಶೆಯ ಮೇಲೆ ‘ಚೆನ್ನಾಗಿ ಕುಲುಕಿ’ ಎಂದಿದ್ದರೆ, ಎಷ್ಟು ಸಲ ಎಂದು ಕೇಳಿ ತಯಾರಿಸಿದವರಿಗೆ ಪತ್ರ ಬರೆದವನು. ಕಚೇರಿಯವರು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. ಅದು ಹೇಗೋ ಬೀದಿಗೂ ಗೊತ್ತಾಗಿತ್ತು.

ಅಲ್ಪವಿರಾಮ ರಜೆ ಹಾಕಿ ಎಂಟು ಗಂಟೆಗೇ ಗ್ಯಾರೇಜಿನಲ್ಲಿ ಹಾಜರಾದ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, “ಡಿಸ್ಕ್ ಹೋಗಿದೆ ಸಾರ್, ಬದಲಾಯಿಸ್ಬೇಕು,” ಎಂದು ಹೊಸದರ ಡಬ್ಬಿ ತೆರೆದು ತೋರಿಸಿದ. ಚಕ್ರದ ಹಿಂದೆ ತಿರುಗುವ, ಬ್ರೇಕು ಹಿಡಿದುಕೊಳ್ಳುವ ತಟ್ಟೆಗಳು. ತಳತಳ ಹೊಳೆಯುತ್ತಿದ್ದವು. ಅಲ್ಪವಿರಾಮ ಹೊರಗೆ ಹಳೇ ಟೈರಿನ ಮೇಲೆ ಕೂತು ಕಾದ. ಮಧ್ಯಾಹ್ನ ಎರಡೂವರೆಗೆ ಕಾರು ಕೆಳಗಿಳಿಯಿತು.

“ಹೊಸ ಕಾವಲಿ ಪಳಗಿಸ್ತಾರಲ್ಲ, ಇದೂ ಹಾಗೇ ಸಾರ್,” ಎಂದ ಮೆಕ್ಯಾನಿಕ್. “ಅರವತ್ತಕ್ಕೆ ಹೋಗಿ, ಹದವಾಗಿ ಬ್ರೇಕ್ ಒತ್ತಿ ಹತ್ತಕ್ಕಿಳಿಸಿ. ಪೂರ್ತಿ ನಿಲ್ಲಿಸ್ಬೇಡಿ. ಮತ್ತೆ ಅರವತ್ತು, ಮತ್ತೆ ಹತ್ತು. ಇಪ್ಪತ್ತು ಸಲ. ಆಮೇಲೆ ಇಪ್ಪತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ, ಗಾಳಿಗೆ ತಣ್ಣಗಾಗ್ಲಿ.”

“ಬಿಸಿಯಲ್ಲಿ ನಿಲ್ಲಿಸಿದ್ರೆ?”

“ಒತ್ಕೊಂಡು ನಿಂತ ಕಡೆ ಬ್ರೇಕ್ ಪ್ಯಾಡಿನ ಪುಡಿ ಡಿಸ್ಕಿಗೆ ಅಂಟ್ಕೊಳ್ಳುತ್ತೆ. ಮತ್ತೆ ಅದೇ ಗಡಗಡ.”

ಅಲ್ಪವಿರಾಮ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಕೆಳಗೆ ಮೆಕ್ಯಾನಿಕ್ಕಿನ ಸಹಿ ಹಾಕಿಸಿಕೊಂಡ.

ಅವನ ಮನೆಯ ಹಿಂದೆ ನೀರಿನ ಟ್ಯಾಂಕಿನವರೆಗೆ ಒಂದು ಖಾಲಿ ನೇರ ರಸ್ತೆ ಇತ್ತು. ಟ್ಯಾಂಕಿನ ಬಳಿ ಒಮ್ಮೆ ಹತ್ತಕ್ಕಿಳಿಸಿ ತಿರುಗಿದರೆ, ಬೀದಿಯ ಗೇಟಿನ ಬಳಿ ಇನ್ನೊಮ್ಮೆ. ಹತ್ತು ಸುತ್ತಿಗೆ ಲೆಕ್ಕ ಸರಿ. ಆದರೆ ಗೇಟಿನ ಬಳಿ ಬೀದಿಯ ಸಂಘದ ಕಾರ್ಯದರ್ಶಿಗಳು ಪತ್ರಿಕೆ ಹಿಡಿದು ನಿಂತಿದ್ದರು. ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಕಾರಣ ಬೇಕು.

“ಏನ್ ಸಾರ್ ಇದು?” ಎಂದು ಅವರು ಕೇಳಿದರು.

“ಬ್ರೇಕು…” ಎನ್ನುವಷ್ಟರಲ್ಲಿ ಅಲ್ಪವಿರಾಮ ಮತ್ತೆ ವೇಗ ಹಿಡಿದು ಹೋಗಿಯಾಗಿತ್ತು.

ಮೂರು ನಿಮಿಷದ ನಂತರ ಕಾರು ಮತ್ತೆ ಬಂತು. “ಬ್ರೇಕಿಗೇನು?”

“ಹೊಸದು! ಪಳಗಿಸ್ತಿದೀನಿ!”

ಮುಂದಿನ ಸುತ್ತಿಗೆ ಕಾರ್ಯದರ್ಶಿಗಳು ಕಾರಿನ ಜೊತೆಗೇ ಓಡುತ್ತಿದ್ದರು. “ನಿಂತು ಹೇಳಿ ಸಾರ್!”

“ನಿಲ್ಲಿಸೋ ಹಾಗಿಲ್ಲ!”

ಮೂಲೆಮನೆ ಅಜ್ಜಿ ಗೇಟಿಗೆ ಕುರ್ಚಿ ತರಿಸಿಕೊಂಡು ಕೂತರು. ಅಜ್ಜಿಗೆ ವಿಷಯ ಅರ್ಥವಾಗಿತ್ತು. ಸೀಮೆಸುಣ್ಣದಲ್ಲಿ ಗೇಟಿನ ಕಂಬದ ಮೇಲೆ ಒಂದೊಂದೇ ಗೆರೆ ಎಳೆಯುತ್ತಿದ್ದರು. “ಏಳಾಯ್ತಪ್ಪಾ!” ಎಂದು ಕೂಗಿದರು.

ಅಲ್ಪವಿರಾಮನ ಮನಸ್ಸಿನಲ್ಲಿ ಆಗ ಹದಿನಾಲ್ಕಿತ್ತು. ಏಳು ಕೇಳಿದ್ದೇ ಹದಿನಾಲ್ಕು ಅಳಿಸಿಹೋಯಿತು. ಅಜ್ಜಿ ಟ್ಯಾಂಕಿನ ಕಡೆಯದನ್ನು ಸೇರಿಸಿದ್ದಾರೋ ಇಲ್ಲವೋ? ಹದಿಮೂರೋ, ಹದಿನಾಲ್ಕೋ? ಅನುಮಾನ ಬಂದ ಪುಟವನ್ನು ಮೊದಲಿಂದ ಓದುವುದು ಅವನ ವೃತ್ತಿಧರ್ಮ. ಒಂದರಿಂದ ಶುರುಮಾಡಿದ.

ಎರಡನೇ ಪಾಳಿಯ ಕೊನೆಯಲ್ಲಿ ಕಾರ್ಯದರ್ಶಿಗಳಿಗೆ ತಡೆಯಲಾಗಲಿಲ್ಲ. ಹತ್ತರ ವೇಗದಲ್ಲಿ ಸಾಗುತ್ತಿದ್ದ ಕಾರಿನ ಹಿಂಬಾಗಿಲು ತೆರೆದು, ಪತ್ರಿಕೆಯ ಸಮೇತ ಒಳಗೆ ಬಿದ್ದರು.

“ಈಗ ಹೇಳಿ ನೋಡೋಣ,” ಎಂದರು ಏದುಸಿರು ಬಿಡುತ್ತ.

ಅಲ್ಪವಿರಾಮ ಚೀಟಿಯನ್ನೇ ಕೊಟ್ಟ. ಕಾರ್ಯದರ್ಶಿಗಳು ಎರಡು ಸಲ ಓದಿದರು. ಅವರ ಕಣ್ಣು ಅರಳಿತು. “ಅಲ್ಲಾ ಸಾರ್, ಇಷ್ಟು ವರ್ಷ ಕಾರಿಟ್ಟಿದೀನಿ, ನನಗ್ಯಾರೂ ಇದನ್ನ ಹೇಳೇ ಇಲ್ಲ! ಸರಿ, ಇಪ್ಪತ್ತಾಯ್ತಲ್ಲ, ನನ್ನ ಗೇಟ್ ಹತ್ರ ಇಳಿಸಿ.”

“ಇಳಿಸೋ ಹಾಗಿಲ್ಲ. ಇನ್ನು ಇಪ್ಪತ್ತು ನಿಮಿಷ ತಣ್ಣಗಾಗ್ಬೇಕು.”

“ನಾನು ಮನೆ ಚಪ್ಪಲೀಲಿದೀನಿ! ಒಲೆ ಮೇಲೆ ನೀರಿಟ್ಟು ಬಂದಿದೀನಿ!”

“ಚೀಟಿ ನಿಮ್ಮ ಕೈಯಲ್ಲೇ ಇದೆ, ನೋಡಿ.”

ಕಾರು ಹೆದ್ದಾರಿ ಹಿಡಿಯಿತು. ಹನ್ನೆರಡು ನಿಮಿಷ ಸುಸೂತ್ರವಾಗಿ ಕಳೆದವು. ಹದಿಮೂರನೆಯದಕ್ಕೆ ದೂರದಲ್ಲಿ ರೈಲ್ವೆ ಗೇಟು ಇಳಿಯುತ್ತಿರುವುದು ಕಂಡಿತು. ಬ್ರೇಕು ಒತ್ತಿದರೆ ಸಂಜೆಯ ಕೇಕು ಹೋಯಿತು. ಅಲ್ಪವಿರಾಮ ಗೇರು ಇಳಿಸಿ, ಪಕ್ಕದ ಪೆಟ್ರೋಲ್ ಬಂಕಿನ ಅಂಗಳಕ್ಕೆ ಕಾರು ನುಗ್ಗಿಸಿ, ಅಲ್ಲೇ ಸುತ್ತತೊಡಗಿದ.

ಬಂಕಿನವನು ಹಿಂದೆ ಹಿಂದೆ ಓಡಿಬಂದ. “ಎಷ್ಟು ಹಾಕ್ಲಿ ಸಾರ್?”

“ಏನೂ ಬೇಡ!”

“ಮತ್ಯಾಕೆ ಬಂದ್ರಿ?”

“ತಣ್ಣಗಾಗೋಕೆ!” ಎಂದು ಕಾರ್ಯದರ್ಶಿಗಳೇ ಕಿಟಕಿಯಿಂದ ತಲೆ ಹಾಕಿ ವಿವರಿಸಿದರು. ಎಂಟು ಸುತ್ತಿನಲ್ಲಿ ಅವನಿಗೆ ಡಿಸ್ಕಿನ ವಿಚಾರ ಪೂರ್ತಿ ತಿಳಿಸಿದರು. ಒಂಬತ್ತನೆಯದಕ್ಕೆ ರೈಲು ಹೋಯಿತು.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಕಾರ್ಯದರ್ಶಿಗಳ ಮನೆಯಲ್ಲಿ ಪಾತ್ರೆ ಸೀದು ತಳ ಕರ್ರಗಾಗಿತ್ತು. ಆದರೂ ಅವರು ಗೇಟಿನಲ್ಲಿ ನಿಂತು ಅಜ್ಜಿಗೆ ಪ್ರವಾಸದ ಕತೆ ಹೇಳುತ್ತಿದ್ದರು. ಹೆಂಡತಿ ಉಸಿರು ಬಿಗಿಹಿಡಿದು ಐದಂತಸ್ತನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಮೊದಲ ತಿರುವು, ಬ್ರೇಕು, ಊಹೂಂ, ನಡುಕವಿಲ್ಲ. ಇಳಿಜಾರು, ಬ್ರೇಕು, ಏನೂ ಇಲ್ಲ. ಕೇಕು ಐದಕ್ಕೆ ಹತ್ತು ನಿಮಿಷವಿರುವಾಗ ಹೋಟೆಲು ಸೇರಿತು, ಐದೂ ಅಂತಸ್ತು ನೆಟ್ಟಗೆ. ಹೋಟೆಲಿನವರು ಮುಂದಿನ ತಿಂಗಳಿಗೂ ಒಂದು ಕೇಕು ಅಲ್ಲೇ ಹೇಳಿಬಿಟ್ಟರು.

ವಾಪಸು ಬರುವಾಗ ಹೆಂಡತಿಗೆ ಖುಷಿ ತಡೆಯಲಾಗಲಿಲ್ಲ. “ಆ ಮೆಕ್ಯಾನಿಕ್ಕಿನ ಕೈಗೆ ಚಿನ್ನದ ಕಡಗ ಹಾಕ್ಬೇಕು ರೀ!”

ನೂರು ಸಲ ಕಾಲು ಆಡಿಸಿದವನು ತಾನು, ಕಡಗ ಅವನಿಗೆ. ಅಲ್ಪವಿರಾಮನಿಗೆ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಆ ಮೆಕ್ಯಾನಿಕ್ಕಿನದೇ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ ಅವನ ದನಿ ಅಳುವಂತಿತ್ತು.

“ಸಾರ್, ಬೈಬೇಡಿ. ನಿಮ್ಮ ಹೊಸ ಡಿಸ್ಕು ಇಲ್ಲೇ ಡಬ್ಬೀಲಿವೆ. ಚಕ್ರ ಬಿಚ್ಚಿದ್ದೆ, ಅಷ್ಟರಲ್ಲಿ ಇನ್ನೊಬ್ರು ಗಾಡಿ ತಂದ್ರು, ಅದನ್ನ ನೋಡಿ ಬಂದವನೇ ಮರೆತು ಚಕ್ರ ಹಾಕಿಬಿಟ್ಟೆ. ನೀವು ಓಡಿಸ್ತಿರೋದು ಹಳೇದೇ.”

“ಹಾಗಾದ್ರೆ ನಡುಕ ಹೇಗೆ ಹೋಯ್ತು?”

ಮೆಕ್ಯಾನಿಕ್ಕಿಗೂ ಕುತೂಹಲ ಹುಟ್ಟಿತ್ತು. “ಹೋಯ್ತಾ? ಓಹೋ! ಡಿಸ್ಕು ಕೆಟ್ಟೇ ಇರ್ಲಿಲ್ಲ ಸಾರ್. ಮೇಲೆ ಪುಡಿ ಅಂಟಿತ್ತು ಅಷ್ಟೇ. ನೀವು ಅಷ್ಟು ಸಲ ಮಾಡಿದ್ರಲ್ಲ, ಉಜ್ಜಿ ಹೋಗಿದೆ.”

ಅಲ್ಪವಿರಾಮನ ಎದೆ ಉಬ್ಬಿತು. “ಕೇಳಿದ್ಯಾ?” ಎಂದ ಹೆಂಡತಿಯ ಕಡೆ ತಿರುಗಿ. “ಸರಿ ಮಾಡಿದ್ದು ಅವನಲ್ಲ, ನಾನು!”

ಹೆಂಡತಿ ಕೇಳಿಸಿಕೊಂಡಳು. ಆಮೇಲೆ ಸ್ಪೀಕರಿನ ಕಡೆ ಬಾಗಿ, “ಅಣ್ಣಾ, ಆ ಪುಡಿ ಅಂಟಿದ್ದು ಹೇಗೆ?” ಎಂದು ಕೇಳಿದಳು.

“ಇಳಿಜಾರು ಇಳಿದು ಬಂದು, ಸಿಗ್ನಲ್‌ನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ಕೊಂಡೇ ನಿಂತ್ರೆ ಹಾಗಾಗುತ್ತೆ ಅಕ್ಕಾ. ಓಡಿಸೋರ ಕಾಲಿನ ದೋಷ ಅದು.”

ಇಳಿಜಾರು ಆಗಷ್ಟೇ ಮುಗಿದಿತ್ತು. ಎದುರಿನ ಸಿಗ್ನಲ್ ಕೆಂಪಾಗಿತ್ತು. ಹೆಂಡತಿ ನಿಧಾನವಾಗಿ ತಲೆ ತಗ್ಗಿಸಿ ಗಂಡನ ಬಲಗಾಲನ್ನು ನೋಡಿದಳು. ಅದು ಬ್ರೇಕನ್ನು ಬಲವಾಗಿ ಅದುಮಿಕೊಂಡು ಕೂತಿತ್ತು.

“ಅಂದ್ರೆ ಹೋದ ವಾರ ನನ್ನ ಕೇಕ್ ಬೀಳಿಸಿದ್ದು…”

“ಅದು ಹಾಗಲ್ಲ ಕಣೇ…”

“ಇಳೀರಿ,” ಎಂದಳು ಹೆಂಡತಿ.

ಅಲ್ಪವಿರಾಮ ಇಳಿದ. ಅವಳು ಅವನ ಜಾಗಕ್ಕೆ ಸರಿದು ಕೂತಳು. ಸಿಗ್ನಲ್ ಹಸಿರಾದಾಗ ಕಾರು ಒಂದಿಷ್ಟೂ ನಡುಗದೆ ಮನೆಯ ಕಡೆ ಹೊರಟಿತು. ಅವನು ನಡೆಯತೊಡಗಿದ.