ನಾಲ್ಕು ಚಕ್ರದ ಸ್ವಂತ ವಾಹನ

ಯಾವುದನ್ನೇ ಆಗಲಿ ಒಂದೇ ಸಲಕ್ಕೆ ನಂಬುವುದು ನನ್ನಿಂದಾಗದ ಕೆಲಸ. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುವಾಗ ಎರಡು ವರ್ಷ ಸಂಶಯಪಡುವುದನ್ನು ಶ್ರದ್ಧೆಯಿಂದ ಕಲಿಸಿದರು. ನಿಲ್ಲಿಸುವುದು ಹೇಗೆ ಎಂಬ ಪಾಠವನ್ನು ಯಾವ ಸೆಮಿಸ್ಟರಿಗೆ ಇಟ್ಟಿದ್ದರೋ, ನನಗೆ ಸಿಗಲಿಲ್ಲ. ಕುಕ್ಕರ್ ಮೂರು ಸಲ ಕೂಗಿದರೆ ಎರಡೇ ಎಂದು ವಾದಿಸುತ್ತೇನೆ. ಐವತ್ತು ದಾಟಿದ ಮೇಲಂತೂ ನನ್ನ ನೆನಪಿನ ಮೇಲೂ ಸಂಶಯ ಶುರುವಾಗಿದೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಶಿಡ್ಲಘಟ್ಟದ ಬಸ್ ನಿಲ್ದಾಣದಿಂದ ಮೂರು ಸಲ ಮನೆಗೆ ವಾಪಸು ಬಂದಿದ್ದೇನೆ. ಎರಡು ಸಲ ಹಾಕಿರಲಿಲ್ಲ. ಮೂರನೆಯ ಸಲ ಹಾಕಿತ್ತು. ಒಳಗೆ ನನ್ನ ಹೆಂಡತಿ ಶಾರದಾ ಇದ್ದಳು.

ಇಂಥವನ ಕಿವಿಗೆ, ಇನ್ನು ಮುಂದೆ ಊರಿನ ಕಚೇರಿ, ರಾಜ್ಯದ ಇಲಾಖೆ, ದಿಲ್ಲಿಯ ಸರ್ಕಾರ ಎಲ್ಲವೂ ತಮ್ಮ ಬಳಿಯಿರುವ ಮಾಹಿತಿಯನ್ನು ಕಂಪ್ಯೂಟರಿನಲ್ಲೇ ಹಂಚಿಕೊಳ್ಳುತ್ತವಂತೆ ಎಂಬ ಸುದ್ದಿ ಬಿದ್ದರೆ ಏನಾಗಬೇಕು? ಜನ ಅಲೆಯುವುದು ತಪ್ಪುತ್ತದೆ ಎಂದು ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಸಂತೋಷಪಟ್ಟರು. ನಾನು ಪಡಲಿಲ್ಲ. ಅಲೆದವನು ನಾನು. ಒಂದು ಕಾಲದಲ್ಲಿ ಒಂದೇ ಗೋಡೆಯ ಈಚೆಗಿದ್ದ ಕಚೇರಿ ಕೊಟ್ಟ ಪತ್ರವನ್ನು ಆಚೆಗಿದ್ದ ಕಚೇರಿಗೆ ನಾನೇ ಹೊತ್ತುಕೊಂಡು ಹೋಗಬೇಕಿತ್ತು, ಮೂರು ಪ್ರತಿ, ದೃಢೀಕರಣದ ಮೊಹರಿನ ಸಮೇತ. ಅಂದರೆ ಆಗ ಎರಡು ಇಲಾಖೆಗಳ ನಡುವಿನ ಮಾಹಿತಿ ಹಂಚಿಕೆ ಎಂದರೆ ನಾನೇ. ಕಷ್ಟವಿತ್ತು, ನಿಜ. ಆದರೆ ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ನಮ್ಮ ಇಬ್ಬರು ಸೋದರತ್ತೆಯರು ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರು; ಒಬ್ಬರ ಮನೆಯಲ್ಲಿ ನಾನು ಆಡಿದ್ದು ಇನ್ನೊಬ್ಬರ ಮನೆಗೆ ಮುಟ್ಟುತ್ತಿರಲಿಲ್ಲ. ಒಂದು ಮದುವೆಯಲ್ಲಿ ಇಬ್ಬರೂ ರಾಜಿಯಾದರು ನೋಡಿ, ಅವತ್ತಿನಿಂದ ನನಗೆ ಎರಡೂ ಮನೆಯಲ್ಲಿ ಕಾಫಿ ಇಲ್ಲ. ಸರ್ಕಾರಗಳು ರಾಜಿಯಾದಾಗಲೂ ನನಗೆ ಅದೇ ಭಯ.

ನನ್ನ ಭಯಕ್ಕೆ ಸಾಕ್ಷಿ ಎದುರು ಮನೆಯಿಂದಲೇ ಬಂತು. ಎದುರು ಮನೆಯ ಬಾಷಾ ಸಾಬರು ತಳ್ಳುಗಾಡಿಯಲ್ಲಿ ಬಾಳೆಹಣ್ಣು, ಸೀಬೆಹಣ್ಣು ಮಾರುತ್ತಾರೆ. ಅವರ ಹೆಂಡತಿ ಖುರ್ಷಿದ್ ಬಿ ಮೂವತ್ತು ವರ್ಷಗಳಿಂದ ಬೇರೆಯವರ ಘಟಕದಲ್ಲಿ ರೇಷ್ಮೆ ನೂಲು ಬಿಚ್ಚುತ್ತಾರೆ. ಬಿಸಿನೀರಿನಲ್ಲಿ ಕುಣಿಯುವ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯನ್ನು ಕಣ್ಣಿನಲ್ಲೇ ಹಿಡಿಯಬೇಕಾದ ಕೆಲಸ. ಆ ಕಣ್ಣಿಗೇ ಪೊರೆ ಬಂದಿತ್ತು. ಎಳೆ ಕಾಣದೆ ನೀರಿಗೆ ಬೆರಳು ಹಾಕಿ ಸುಟ್ಟುಕೊಂಡಿದ್ದರು. ಘಟಕದ ಯಜಮಾನ, "ಕಣ್ಣು ಸರಿ ಮಾಡಿಸ್ಕೊಂಡು ಬಾರಮ್ಮ, ಇಲ್ಲಾಂದ್ರೆ ಬೇರೆಯೋರ್ನ ಇಟ್ಕೋತೀನಿ" ಎಂದಿದ್ದ. ಆಸ್ಪತ್ರೆಯಲ್ಲಿ ಮುಂದಿನ ಗುರುವಾರಕ್ಕೆ ಉಚಿತ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಅಷ್ಟರಲ್ಲಿ ಬಾಷಾ ಸಾಬರು ನಮ್ಮ ಬಾಗಿಲಿಗೆ ಬಂದು ನಿಂತರು.

"ಮೇಷ್ಟ್ರೇ, ನಂ ಬಿಪಿಎಲ್ ಕಾರ್ಡ್ ನಿಂತೋಗಿದೆಯಂತೆ. ಅದಿಲ್ದೆ ಆಸ್ಪತ್ರೇಲಿ ಆಪರೇಷನ್ ಆಗಲ್ವಂತೆ."

"ಕಾರಣ ಏನಂತೆ?"

"ನಂ ಹತ್ರ ಕಾರ್ ಇದೆಯಂತೆ."

ಶಾರದಾ ಒಳಗಿನಿಂದಲೇ, "ಇದ್ರೆ ಹೇಳಿ ಬಾಷಾ ಸಾಬ್, ನಂದಿ ಬೆಟ್ಟಕ್ಕೆ ಹೋಗಿ ಬರಣ" ಎಂದಳು.

"ನಾನು ಕಾರಲ್ಲಿ ಕೂತಿದ್ದೇ ಎರಡು ಸಲ ಅಮ್ಮ. ಒಂದ್ಸಲ ನನ್ನ ಮದುವೇಲಿ, ಒಂದ್ಸಲ ಮುರುಗಮಲ್ಲ ದರ್ಗಾಕ್ಕೆ. ಮದುವೇದು ಅರ್ಧ ದಾರೀಲಿ ಕೆಟ್ಟೋಗಿ ನಾನೇ ತಳ್ದೆ."

ನನಗೆ ರೋಮಾಂಚನವಾಯಿತು. ಇಷ್ಟು ದಿನ ಸಿಬ್ಬಂದಿ ಕೊಠಡಿಯಲ್ಲಿ ಒಬ್ಬನೇ ಕೂಗುತ್ತಿದ್ದೆನಲ್ಲ, ಈಗ ಪುರಾವೆ ಸಿಕ್ಕಿತ್ತು. ಎದುರಿಗೆ ನಿಂತವನ ಹೆಂಡತಿಯ ಕಣ್ಣು ಹೋಗುತ್ತಿರುವಾಗ ನನಗೆ ಸಂತೋಷವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಆಯಿತು. ಕೂಡಲೇ ಊಹೆಗಳು ಮೊಳೆತವು. ದಿಲ್ಲಿಯ ವಾಹನಗಳ ಪಟ್ಟಿಯಿಂದ ಯಾರೋ ಬೇರೆ ಬಾಷಾನ ಕಾರು ಇವರ ತಲೆಗೆ ಬಂದಿರಬೇಕು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಯಾವುದೋ ಕಾರ್ಖಾನೆಯಲ್ಲಿ ಒಬ್ಬ ಮ್ಯಾನೇಜರ್ ಬಾಷಾ ಇದ್ದೇ ಇರುತ್ತಾನೆ. ಮೂರು ಹಂತದ ಸರ್ಕಾರಗಳು ಸೇರಿ ಒಬ್ಬ ಹಣ್ಣಿನ ವ್ಯಾಪಾರಿಗೆ ಆ ಕಾರನ್ನು ಕಟ್ಟಿವೆ. ಕೂತು ನಾಲ್ಕು ಪುಟದ ಮನವಿ ಬರೆದೆ. ಎರಡನೆಯ ಪುಟದಲ್ಲಿ "ಈ ಸುಳ್ಳು ಮಾಹಿತಿಯನ್ನು ಮೊದಲು ದಾಖಲಿಸಿದ ಬೇಜವಾಬ್ದಾರಿ ವ್ಯಕ್ತಿ ಯಾರೆಂದು ಪತ್ತೆಹಚ್ಚಿ ಶಿಸ್ತುಕ್ರಮ ಜರುಗಿಸಬೇಕು" ಎಂಬ ವಾಕ್ಯವಿತ್ತು. ಅದನ್ನು ಶಾರದಾಳಿಗೆ ಎರಡು ಸಲ ಓದಿ ಹೇಳಿದೆ. ಅವಳು, "ಆಯಮ್ಮನ ಕಣ್ಣಿನ ವಿಷಯ ಎಲ್ರೀ ಬರುತ್ತೆ?" ಎಂದು ಕೇಳಿದಳು. ಅದು ನಾಲ್ಕನೆಯ ಪುಟದಲ್ಲಿ ಬರುತ್ತಿತ್ತು.

ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಬಾಷಾ ಸಾಬರನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಪಡಿತರ ಇಲಾಖೆಯ ಕಚೇರಿಗೆ ಹೋದೆ. ಬಸ್ಸಿನಲ್ಲಿ ಮೇಲೂರು ದಾಟುವವರೆಗೂ ಖಾಸಗಿತನದ ಬಗ್ಗೆ ಅವರಿಗೆ ವಿವರಿಸಿದೆ. "ಹೌದಾ ಮೇಷ್ಟ್ರೇ", "ಅಲ್ವಾ ಮತ್ತೆ" ಎನ್ನುತ್ತಾ ಕೇಳಿಸಿಕೊಂಡರು. ಆಮೇಲೆ ನಿದ್ದೆ ಮಾಡಿದರು.

ಕಂಪ್ಯೂಟರಿನ ಮುಂದಿದ್ದ ಮಂಜುಳಾ ಎಂಬ ಗುಮಾಸ್ತೆ ನನ್ನ ಮನವಿಯನ್ನು ತೂಗಿ ನೋಡುವವಳಂತೆ ಕೈಯಲ್ಲಿ ಹಿಡಿದು, ಓದದೆ ಪಕ್ಕಕ್ಕಿಟ್ಟು, ಕಾರ್ಡಿನ ನಂಬರನ್ನಷ್ಟೇ ಕೇಳಿದಳು. ನಾಲ್ಕು ಸಲ ಮೌಸ್ ಒತ್ತಿದಳು. "ವಾಹನಗಳ ಪಟ್ಟಿಯಿಂದ ಬಂದಿಲ್ಲ ಸಾರ್ ಇದು. ನಿಮ್ಮ ಊರಿಂದಲೇ ಬಂದಿದೆ. ಬೀದಿ ವ್ಯಾಪಾರಿಗಳ ಗುರುತಿನ ಚೀಟಿಗೆ ಅರ್ಜಿ ಹಾಕಿದ್ರಲ್ಲ, ಅದರಿಂದ."

"ಆ ಅರ್ಜಿಯಲ್ಲಿ ಕಾರು ಹೇಗೆ ಬಂತು?" ಎಂದು ನಾನು ಗುಡುಗಿದೆ.

ಅವಳು ಸ್ಕ್ಯಾನ್ ಮಾಡಿದ ಹಾಳೆಯನ್ನು ತೆರೆದು, ಪಕ್ಕದ ಮೇಜಿನವರಿಗೂ ಕೇಳುವಂತೆ ನಕ್ಕಳು. "ಏಮಿ ರಾತ ಸಾರ್ ಇದಿ! ಏನ್ ಬರವಣಿಗೆ ನೋಡಿ. 'ವ್ಯಾಪಾರಕ್ಕೆ ಬಳಸುವ ಸಾಧನ' ಅಂತ ಕೇಳಿದ್ರೆ 'ನಾಲ್ಕು ಚಕ್ರದ ಸ್ವಂತ ವಾಹನ' ಅಂತ ಬರೆದಿದಾರೆ. ಕೆಳಗೆ ಗೆರೆ ಬೇರೆ ಎಳೆದಿದಾರೆ. ತಳ್ಳೋ ಗಾಡಿ ಅಂತ ಬರೆಯೋಕೆ ಏನಾಗಿತ್ತು ಇವರಿಗೆ?"

"ಯಾರೀ ಮಹಾನುಭಾವ?" ಎಂದೆ. "ಇಂಥವರಿಂದಲೇ ದೇಶ ಹೀಗಿರೋದು. ಅಕ್ಷರ ಕಲಿತವನೇನ್ರೀ ಅವನು?"

ಬಾಷಾ ಸಾಬರು ಸೂರಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಂಜುಳಾ ಹಾಳೆಯನ್ನು ಕೆಳಕ್ಕೆ ಸರಿಸಿದಳು. "ಅರ್ಜಿ ಬರೆದುಕೊಟ್ಟವರ ಹೆಸರು ಮತ್ತು ಸಹಿ" ಎಂದಿತ್ತು. ಅದರ ಎದುರಿಗೆ ನನ್ನ ಹೆಸರಿತ್ತು. ಹೆಸರಿನ ಮುಂದೆ, ಯಾರೂ ಕೇಳದಿದ್ದರೂ, ಎಂ.ಎ. ಎಂದಿತ್ತು.

ನಮ್ಮ ಬೀದಿಯವರ ಅರ್ಜಿಗಳನ್ನು ತುಂಬಿಕೊಡುವವನು ನಾನೇ ಎಂಬುದನ್ನು ಇಲ್ಲಿ ಹೇಳಬೇಕು. ಆದರೆ ಈ ಅರ್ಜಿ ನನಗೆ ನೆನಪೇ ಇರಲಿಲ್ಲ. ಮೊದಲು ನನ್ನ ಸಹಿಯನ್ನು ಯಾರೋ ನಕಲು ಮಾಡಿದ್ದಾರೆಂದು ಸಂಶಯಪಟ್ಟೆ. ಆದರೆ 'ತತ್ತ್ವ' ಎಂದು ಬರೆಯುವಾಗ ಎರಡನೆಯ ಒತ್ತನ್ನೂ ಬಿಡದ ನನ್ನ ಮೊಂಡುತನದಂತೆ, ಆ ಅಡಿಗೆರೆಯನ್ನು ಎಳೆಯುವ ಮೊಂಡುತನವನ್ನೂ ನಕಲು ಮಾಡಲಾಗದು. ಹಾಗೆ ನೋಡುತ್ತಿದ್ದಂತೆ, ನಮ್ಮ ಜಗಲಿ, ಬಾಷಾ ಸಾಬರು, ನಾನು, ಎಲ್ಲ ಮಸುಕಾಗಿ ಎದ್ದು ಬಂದವು. "ತಳ್ಳೋ ಗಾಡಿ ಅಂತ ಬರೀರಿ ಮೇಷ್ಟ್ರೇ" ಎಂದಿದ್ದರು ಅವರು. ನಮ್ಮ ಕಡೆ ಸ್ಕೂಟರೂ ಗಾಡಿ, ಲಾರಿಯೂ ಗಾಡಿ, ಎತ್ತು ಕಟ್ಟಿದ್ದೂ ಗಾಡಿ. ಈ ಸಡಿಲತನ ಸರ್ಕಾರಿ ಕಾಗದದಲ್ಲಿ ಸಲ್ಲದು ಎಂದು ನಾನು ಭಾಷಣ ಮಾಡಿದ್ದೆ. "ತಳ್ಳುವುದು ನೀವು ಮಾಡುವ ಕ್ರಿಯೆ, ಬಾಷಾ ಸಾಬ್. ವಸ್ತುವಿನ ಲಕ್ಷಣ ಅದಲ್ಲ. ಚಕ್ರ ಎಷ್ಟು?" ನಾಲ್ಕು ಎಂದಿದ್ದರು ಪಾಪ. "ಬಾಡಿಗೆಯದೋ?" ಸ್ವಂತದ್ದು ಎಂದಿದ್ದರು, ಸ್ವಲ್ಪ ಹೆಮ್ಮೆಯಿಂದ.

ಮುಂಚೆಯಾದರೆ ಆ ಹಾಳೆ ಯಾವುದಾದರೂ ಬೀರುವಿನಲ್ಲಿ ಗೆದ್ದಲಿಗೆ ಸೇರುತ್ತಿತ್ತು. ಈಗ ಯಾರೋ ಅದನ್ನು ಇದ್ದದ್ದು ಇದ್ದಂತೆ ಟೈಪಿಸಿದರು. ಊರು ರಾಜ್ಯಕ್ಕೆ ಹೇಳಿತು, ರಾಜ್ಯ ಪಡಿತರಕ್ಕೆ ಹೇಳಿತು, ಪಡಿತರ ಆಸ್ಪತ್ರೆಗೂ ದಿಲ್ಲಿಗೂ ಹೇಳಿತು. ಯಾರೂ ಒಂದಕ್ಷರ ಬದಲಿಸಲಿಲ್ಲ. ನಾನು ಪತ್ರಿಕೆಗಳಿಗೆ ಕಳಿಸಿದ ಲೇಖನಗಳೆಲ್ಲ ಹಿಂದಿರುಗಿವೆ. ನನ್ನ ಬರಹಗಳಲ್ಲಿ ದಿಲ್ಲಿಯವರೆಗೆ ತಲುಪಿದ್ದು ಈ ನಾಲ್ಕು ಪದಗಳಷ್ಟೇ.

ತಿದ್ದುಪಡಿಯ ಅರ್ಜಿಗೆ ಕೈಚಾಚಿದೆ. "ಬೇಡಿ ಸಾರ್, ನೀವು ಕೂತ್ಕೊಳ್ಳಿ" ಎಂದು ಮಂಜುಳಾ ಪೆನ್ನನ್ನು ತಾನೇ ಹಿಡಿದು, "ನೀವು ಹೇಳಿ ಸಾಬ್ರೇ" ಎಂದಳು. ಅವರು ಎರಡು ಪದ ಹೇಳಿದರು. ಮುಗಿಯಿತು. ನನ್ನ ನಾಲ್ಕು ಪುಟವನ್ನು, ಅದರಲ್ಲೂ ಆ ಶಿಸ್ತುಕ್ರಮದ ವಾಕ್ಯವನ್ನು, ನಾನೇ ಕೇಳಿ ವಾಪಸು ಪಡೆದೆ.

ಹಿಂತಿರುಗುವಾಗ ಬಸ್ಸಿನಲ್ಲಿ ಕೇಳಿದೆ: "ಆ ಅರ್ಜಿ ಬರೆದವನು ನಾನು ಅಂತ ನಿಮಗೆ ನೆನಪಿತ್ತಾ?"

"ಇತ್ತು ಮೇಷ್ಟ್ರೇ."

"ಮತ್ತೆ ಹೇಳಲಿಲ್ಲ?"

"ನೀವು ಬರೆದಿದ್ದರಲ್ಲಿ ತಪ್ಪಿರುತ್ತೆ ಅಂತ ನನಗೆ ಹೊಳೀಲೇ ಇಲ್ಲ."

ಬೈದಿದ್ದರೆ ವಾಸಿಯಿತ್ತು.

ಸೋಮವಾರದ ಹೊತ್ತಿಗೆ ತಪ್ಪು ಹೋದ ದಾರಿಯಲ್ಲೇ ಸರಿಯೂ ಹೋಗಿ, ಕಾರ್ಡು ಜೀವಂತವಾಯಿತು. ಇಷ್ಟು ಬೇಗ ಆದದ್ದು ನನಗೆ ಇನ್ನಷ್ಟು ಸಂಶಯ ತಂದಿತು. ಗುರುವಾರ ಖುರ್ಷಿದ್ ಬಿಯ ಬಲಗಣ್ಣಿನ ಪೊರೆ ತೆಗೆದರು. ಹದಿನೈದು ದಿನ ಬಿಟ್ಟು ಎಡಗಣ್ಣಿನ ಅರ್ಜಿ ಹಿಡಿದುಕೊಂಡು ಅವರೇ ನಮ್ಮ ಮನೆಗೆ ಬಂದರು. "ನನ್ನ ಕೈಲಿ ಬೇಡ" ಎಂದು ಬೇಡಿಕೊಂಡೆ. "ನೀವೇ ಬರೀಬೇಕು ಮೇಷ್ಟ್ರೇ, ಈಗ ನಾನು ನೋಡ್ತೀನಲ್ಲ" ಎಂದು ನನ್ನ ಹೆಗಲ ಹಿಂದೆ ನಿಂತರು. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಹೆಸರು ಬರೆದೆ, ವಿಳಾಸ ಬರೆದೆ. 'ಉದ್ಯೋಗ' ಎಂಬಲ್ಲಿ ನನಗೆ ತಡೆಯಲಾಗಲಿಲ್ಲ, 'ರೇಷ್ಮೆ ನೂಲು ತಯಾರಿಕಾ ಉದ್ಯ...' ಎಂದು ಪೆನ್ನು ಓಡತೊಡಗಿತು. ಮೂವತ್ತು ವರ್ಷ ಎಳೆಯ ದಪ್ಪವನ್ನು ಅಳೆದ ಕಣ್ಣು ಅದು. ನನ್ನ ಕೈಯ ಮೇಲೆ ಒಂದು ಸಣ್ಣ ಏಟು ಬಿತ್ತು.

"ನಾನು ಮಾಡೋ ಕೆಲಸ ಅಷ್ಟುದ್ದ ಇಲ್ಲ ಮೇಷ್ಟ್ರೇ. ಹೊಡೆದಾಕಿ ಅದನ್ನ."

ಹೊಡೆದು ಹಾಕಿದೆ.